ತಿದ್ದಿದ್ದನ್ನು ತವರಿಗೂ ಕಳಿಸಿ

ಓದುಗರ ಪತ್ರ: ನಮ್ಮದು ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿ. ರಸೀದಿಗಳನ್ನು ಪಿಡಿಎಫ್ ಮಾಡಲು ಒಂದು ಓಪನ್ ಸೋರ್ಸ್ ಲೈಬ್ರರಿ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಿದ್ಧ ಕೋಡ್, ಬಳಸುತ್ತೇವೆ. ಅದರಲ್ಲಿ ‘ಮೊತ್ತ’ ಅನ್ನೋದು ‘ಮೊತ್‌ತ’ ಎಂದು ಬೀಳುತ್ತಿತ್ತು. ಕೋಡ್ ತಿದ್ದಿ ಸರಿ ಮಾಡಿಕೊಂಡೆವು. ಅದನ್ನು ಮೂಲ ಯೋಜನೆಗೂ ಕೊಡೋಣ ಅಂದರೆ, ‘ಸಂಬಳ ಕೊಟ್ಟು ಮಾಡಿಸಿದ್ದನ್ನು ಸುಮ್ನೆ ಯಾಕೆ ಕೊಡಬೇಕು?’ ಅನ್ನುತ್ತಾರೆ ಮಾಲೀಕರು. ಏನು ಹೇಳಲಿ?

ಸಂಪಾದಕರ ಉತ್ತರ: ನೀವು ಕಳಿಸಿದ ಎರಡೂ ರಸೀದಿ ನೋಡಿದೆ. ಒಂದರಲ್ಲಿ ‘ತ’ ಪಕ್ಕಕ್ಕೆ ಹೋಗಿ ಕೂತಿದೆ, ಇನ್ನೊಂದರಲ್ಲಿ ಒತ್ತಾಗಿ ಕೆಳಗಿಳಿದಿದೆ. ದಿನವಿಡೀ ಕರಡು ತಿದ್ದುವವನು ನಾನು. ಎರಡನೆಯದನ್ನು ನೋಡಿ ನಿಜಕ್ಕೂ ಖುಷಿಯಾಯಿತು.

ಮಾಲೀಕರಿಗೆ ಲೆಕ್ಕದ ಮಾತೇ ಹೇಳಿ. ಲೈಬ್ರರಿಯ ಹೊಸ ಆವೃತ್ತಿ ಬಂದಾಗಲೆಲ್ಲ ನಿಮ್ಮ ತಿದ್ದುಪಡಿಯನ್ನು ಮತ್ತೆ ಕೂರಿಸಬೇಕು, ಮತ್ತೆ ಪರೀಕ್ಷಿಸಬೇಕು. ಅದಕ್ಕೂ ಸಂಬಳವೇ ಖರ್ಚಾಗೋದು, ಅಲ್ವಾ? ಮೂಲದಲ್ಲೇ ಸೇರಿದರೆ ಆ ಕೆಲಸ ತಪ್ಪುತ್ತದೆ.

ಆದರೆ ಕೊಡುವ ರೀತಿಯೂ ಮುಖ್ಯ. ಓಪನ್ ಸೋರ್ಸ್ ತಂತ್ರಾಂಶ ಬರೆಯುವ ಕೆಡಿಇ ಸಮುದಾಯದ ಕೆಎಚ್‌ಟಿಎಂಎಲ್ ಎಂಬ ಬ್ರೌಸರ್ ಎಂಜಿನ್ (ವೆಬ್ ಪುಟವನ್ನು ತೆರೆಯ ಮೇಲೆ ಮೂಡಿಸುವ ಕೋಡ್) ಬಳಸಿ ಆಪಲ್ 2003ರ ಜನವರಿಯಲ್ಲಿ ಸಫಾರಿ ಬ್ರೌಸರ್ ತಂದಿತು. ಲೈಸೆನ್ಸ್ ಪ್ರಕಾರ ತನ್ನ ಬದಲಾವಣೆಗಳನ್ನು ಬಹಿರಂಗವನ್ನೂ ಮಾಡಿತು. ಆದರೆ ಬಂದದ್ದು ದೊಡ್ಡ ದೊಡ್ಡ ಮೂಟೆಗಳಾಗಿ. ಯಾವ ಸಾಲು ಯಾಕೆ ಬದಲಾಯಿತು ಅನ್ನೋದು ಗೊತ್ತಾಗುತ್ತಿರಲಿಲ್ಲ. ಮೂಟೆ ಬಿಚ್ಚಿ ಬೇಕಾದ್ದನ್ನು ಹೆಕ್ಕಲು ಸ್ವಯಂಸೇವಕರಿಗೆ ಪುರುಸೊತ್ತು ಎಲ್ಲಿತ್ತು? ಅವರ ಬೇಸರ ಬಹಿರಂಗವಾಗಿಯೇ ಹೊರಬಿತ್ತು. 2005ರ ಜೂನ್‌ನಲ್ಲಿ ಆಪಲ್ ವೆಬ್‌ಕಿಟ್ ಹೆಸರಿನಲ್ಲಿ ಕೋಡ್ ಭಂಡಾರವನ್ನೂ ದೋಷಗಳ ಪಟ್ಟಿಯನ್ನೂ ಎಲ್ಲರಿಗೂ ತೆರೆದಿಟ್ಟಿತು. ಅಷ್ಟರಲ್ಲಿ ಕೆಡಿಇಯ ಕೋಡ್, ಆಪಲ್ ಕೋಡ್ ಎರಡೂ ಬೇರೆ ಬೇರೆ ಕವಲುಗಳಾಗಿ ದೂರ ಸರಿದಿದ್ದವು. ಮತ್ತೆ ಪೂರ್ತಿಯಾಗಿ ಒಂದಾಗಲೇ ಇಲ್ಲ. ನನಗೆ ಇದು ಈಗಲೂ ಸಂಕಟದ ಸಂಗತಿ.

ನೀವು ಮೂಟೆ ಕಳಿಸಬೇಡಿ. ಮೊದಲು ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೆಲಸದ ವೇಳೆ ಬರೆದ ಕೋಡ್‌ನ ಹಕ್ಕು ಸಾಮಾನ್ಯವಾಗಿ ಕಂಪನಿಯದೇ. ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಕಳಿಸುವ ಪ್ಯಾಚ್, ಅಂದರೆ ತಿದ್ದುಪಡಿಯ ಕೆಳಗೆ ‘ಸೈನ್ಡ್-ಆಫ್-ಬೈ’ ಎಂಬ ಸಾಲು ಇರುತ್ತದೆ. ಇದನ್ನು ಕೊಡುವ ಹಕ್ಕು ನನಗಿದೆ ಅನ್ನೋದಕ್ಕೆ ಆ ಸಹಿ.

ಆಮೇಲೆ ಒತ್ತಕ್ಷರದ ತಿದ್ದುಪಡಿಯನ್ನಷ್ಟೇ ಬೇರೆ ಮಾಡಿ. ನಿಮ್ಮ ರಸೀದಿಯ ಲೋಗೋ, ಅಳತೆ ಯಾವುದೂ ಅದರಲ್ಲಿ ಬೇಡ. ಪರೀಕ್ಷೆಗೆ ‘ಮೊತ್ತ’, ‘ಅರ್ಜಿ’, ‘ರಾಷ್ಟ್ರ’ ಇಂಥ ಪದ ಸೇರಿಸಿ. ಅದನ್ನು ನೋಡುವ, ಯೋಜನೆಯ ಉಸ್ತುವಾರಿ ಹೊತ್ತ ಮೇಂಟೇನರ್‌ಗೆ ಕನ್ನಡ ಬರಲಿಕ್ಕಿಲ್ಲ. ತಪ್ಪು ಮತ್ತು ಸರಿ ರೂಪಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ. ತೆಲುಗಿನಲ್ಲೂ ಒತ್ತು ಕೆಳಗೇ ಬರುತ್ತದೆ. ಗೊತ್ತಿರುವ ತೆಲುಗಿನವರ ಕೈಲೂ ಒಮ್ಮೆ ನೋಡಿಸಿ, ನಿಮ್ಮ ಕಣ್ಣಿಗೆ ಬೀಳದ ತಪ್ಪು ಅವರಿಗೆ ಸಿಕ್ಕೀತು.

ಕೂಡಲೇ ಉತ್ತರ ಬರಲಿಲ್ಲ ಅಂತ ಬೇಜಾರಾಗಬೇಡಿ. ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ. ತಿದ್ದುಪಡಿ ಮೂಲದಲ್ಲಿ ಸೇರಿದ ದಿನ ನಮಗೂ ಒಂದು ಸಾಲು ಬರೆಯಿರಿ.