ಬುಲೆಟ್ ರೈಲಿನ ಲೇಖನ: ಸಿಟ್ಟಿದೆ, ಲೆಕ್ಕ ಇಲ್ಲ

ನಮಸ್ಕಾರ.

ನಿಮ್ಮ ‘ಬುಲೆಟ್ ರೈಲು ಎಂಬ ಬಿಳಿಯಾನೆ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಮುಗಿಸುವ ಬರಹವೂ ಅಲ್ಲ ಇದು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ವಾದ ಇಷ್ಟು. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಮೊದಲ ಅಂದಾಜಿನಂತೆ 1.08 ಲಕ್ಷ ಕೋಟಿ ರೂಪಾಯಿ ಸುರಿಯುವುದು ದಂಡ. ಅದೇ ದುಡ್ಡಲ್ಲಿ ಆಸ್ಪತ್ರೆ, ಶಾಲೆ ಕಟ್ಟಬಹುದಿತ್ತು. ಜಪಾನಿನವರಿಗೆ ಶಿಸ್ತಿತ್ತು, ಮಾಡಿದರು, ನಮ್ಮಿಂದ ಆಗದು. ಈ ಮೂರರಲ್ಲಿ ಕೊನೆಯ ಎರಡು, ಸ್ವಲ್ಪ ತಿಳಿದ ಓದುಗ ಒಂದು ಪ್ರಶ್ನೆ ಕೇಳಿದರೆ ಬಿದ್ದುಹೋಗುತ್ತವೆ.

ಆಸ್ಪತ್ರೆಯ ಮಾತನ್ನೇ ನೋಡಿ. ಈ ಯೋಜನೆಯ ಮೊದಲ ಅಂದಾಜಿನಲ್ಲಿ 81 ಶೇಕಡಾ ಹಣ ಜಪಾನಿನ ಜೈಕಾ ಸಂಸ್ಥೆ ಕೊಡುವ ಸಾಲ. ಅಂದರೆ ಸುಮಾರು 88,000 ಕೋಟಿ. ಅದು ಈ ರೈಲಿಗೆಂದೇ ಕೊಟ್ಟದ್ದು, ಜಿಲ್ಲಾಸ್ಪತ್ರೆಗೆ ತಿರುಗಿಸಲು ಬರುವುದಿಲ್ಲ. ಬಡ್ಡಿ 0.1 ಶೇಕಡಾ, ತೀರಿಸಲು 50 ವರ್ಷ, ಮೊದಲ 15 ವರ್ಷ ಅಸಲಿನ ಕಂತಿಲ್ಲ. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಯೋಜನೆ ಬೇಕು ಎನ್ನುವವರು ಮೊದಲು ಹೇಳುವುದೇ ಇದನ್ನು. ನೀವು ಮುಚ್ಚಿಟ್ಟಿರಿ ಎಂದು ಅವರಿಗೆ ಅನ್ನಿಸಿದರೆ ಮುಂದಿನ ಪ್ಯಾರಾ ಯಾರೂ ಓದುವುದಿಲ್ಲ.

ಹಾಗಾದರೆ ದುಡ್ಡಿನ ತಕರಾರೇ ಬೇಡವೇ? ಖಂಡಿತ ಬೇಕು, ಆದರೆ ಸರಿಯಾದ ಜಾಗದಲ್ಲಿ. ಸಾಲ ಇರುವುದು ಯೆನ್‌ನಲ್ಲಿ. 1990ರ ಸುಮಾರಿಗೆ ಒಂದು ಯೆನ್ ಅಂದರೆ ನಮ್ಮ 12 ಪೈಸೆ. 2012ರ ಹೊತ್ತಿಗೆ 65 ಪೈಸೆ. ಆಮೇಲೆ ಇಳಿಯಿತು. ಶಂಕುಸ್ಥಾಪನೆ ಆದ 2017ರಲ್ಲಿ 58 ಪೈಸೆ ಆಸುಪಾಸು ಇತ್ತು. ಐವತ್ತು ವರ್ಷದಲ್ಲಿ ಅದು ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಬಡ್ಡಿ ಪುಕ್ಕಟೆ ಇರಬಹುದು, ಅಸಲು ಬೆಳೆಯುವ ಭಯ ನಮ್ಮದು. ‘ಮೋಸದ ಸಾಲ’ ಅಂತ ಬರೆದಿದ್ದೀರಲ್ಲ, ಅದನ್ನು ಹೊಡೆದುಹಾಕಿ. ಬದಲಿಗೆ ಈ ಪೈಸೆಗಳನ್ನು ಬರೆಯಿರಿ. ಉಳಿದದ್ದನ್ನು ಓದುಗನೇ ಅರ್ಥ ಮಾಡಿಕೊಳ್ಳುತ್ತಾನೆ.

ಇನ್ನೊಂದು, ನಮ್ಮದೇ ಜೇಬಿನದು. ಷೇರು ಬಂಡವಾಳ ಅಂತ ಕೇಂದ್ರ 10,000 ಕೋಟಿ, ಗುಜರಾತ್ ಮತ್ತು ಮಹಾರಾಷ್ಟ್ರ ತಲಾ 5,000 ಕೋಟಿ ಹಾಕಬೇಕು. 508 ಕಿಲೋಮೀಟರಲ್ಲಿ ಮಹಾರಾಷ್ಟ್ರದಲ್ಲಿರುವುದು ಸುಮಾರು 156. ಹನ್ನೆರಡು ನಿಲ್ದಾಣದಲ್ಲಿ ನಾಲ್ಕು. ಹಣ ಮಾತ್ರ ಸಮಪಾಲು! ನೀವು ಮುಂಬೈ ಪಕ್ಕದ ಡೊಂಬಿವ್ಲಿಯಲ್ಲೇ ಇದ್ದೀರಿ, ಅಲ್ಲಿಯ ತೆರಿಗೆ ಕಟ್ಟುತ್ತೀರಿ. ಇದು ನಿಮ್ಮ ಕಣ್ಣಿಗೆ ಬೀಳದೆ ಹೋದದ್ದು ನನಗೆ ಆಶ್ಚರ್ಯ.

ಈಗ ಪ್ರಯಾಣಿಕರ ಲೆಕ್ಕ. ಲೇಖನದ ಬೆನ್ನೆಲುಬು ಇದೇ ಆಗಬೇಕಿತ್ತು. ನೀವು ‘ಯಾರು ಹತ್ತುತ್ತಾರೆ ಇದಕ್ಕೆ?’ ಎಂದು ಕೇಳಿ ಸುಮ್ಮನಾಗಿದ್ದೀರಿ. ಉತ್ತರ ಅವರ ಕಾಗದದಲ್ಲೇ ಇದೆ. ಯೋಜನೆಯ ಅಂದಾಜಿನ ಪ್ರಕಾರ ಶುರುವಿನಲ್ಲಿ ಒಂದು ದಿಕ್ಕಿಗೆ ದಿನಕ್ಕೆ 17,900 ಜನ. ಎರಡೂ ಕಡೆ ಸೇರಿ ಸುಮಾರು 36,000. ಐಐಎಂ ಅಹಮದಾಬಾದ್‌ನವರು 2016ರಲ್ಲಿ ಹಾಕಿದ ಲೆಕ್ಕದಲ್ಲಿ, ಸಾಲ ತೀರಿಸಿಕೊಂಡು ಹೋಗಬೇಕಾದರೆ ದಿನಕ್ಕೆ 88,000ದಿಂದ 1,18,000 ಜನ ಹತ್ತಬೇಕು. ಇವೆರಡನ್ನೂ ಪಕ್ಕಪಕ್ಕ ಇಡಿ. ಪಕ್ಕದಲ್ಲಿ ಮುಂಬೈ ಲೋಕಲ್‌ನ ಸಂಖ್ಯೆ ಇಡಿ: ದಿನಕ್ಕೆ ಸುಮಾರು 70 ಲಕ್ಷ. ಬೈಗುಳದ ಅಗತ್ಯವೇ ಬೀಳುವುದಿಲ್ಲ. ಇ. ಶ್ರೀಧರನ್ ಅವರ ಅಭಿಪ್ರಾಯವೂ ಇಲ್ಲಿ ಬರಲಿ. ಕೊಂಕಣ ರೈಲ್ವೆ, ದೆಹಲಿ ಮೆಟ್ರೋ ಕಟ್ಟಿದ ಮನುಷ್ಯ 2018ರಲ್ಲೇ ಇದು ಉಳ್ಳವರ ರೈಲು, ಸಾಮಾನ್ಯರಿಗೆ ಎಟುಕದು ಎಂದಿದ್ದರು. ರೈಲು ಗೊತ್ತಿಲ್ಲದವರ ಮಾತು ಎಂದು ಅದನ್ನು ತಳ್ಳಿಹಾಕಲು ಆಗುವುದಿಲ್ಲ.

ಜಪಾನಿನ ಪ್ಯಾರಾ ಮಾತ್ರ ಪೂರ್ತಿ ತಪ್ಪು. ಅಲ್ಲಿಯೂ ಖರ್ಚು ಕೈಮೀರಿತ್ತು. ಟೋಕಿಯೊ–ಒಸಾಕಾ ಮಾರ್ಗಕ್ಕೆ ಸುಮಾರು 20,000 ಕೋಟಿ ಯೆನ್ ಅಂದಾಜು ತೋರಿಸಿದ್ದರು, ಆದದ್ದು 38,000 ಕೋಟಿ. ರೈಲ್ವೆ ಅಧ್ಯಕ್ಷ ಶಿಂಜಿ ಸೊಗೊಗೆ ಇದು ಮೊದಲೇ ಗೊತ್ತಿತ್ತು. ನಿಜ ಹೇಳಿದರೆ ಸಂಸತ್ತು ಒಪ್ಪುವುದಿಲ್ಲ ಎಂದು ಕಡಿಮೆ ತೋರಿಸಿದರು. ಜೊತೆಗೆ ವಿಶ್ವಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲ ತಂದರು, ಸರ್ಕಾರ ನಡುವೆ ಹಿಂದೆ ಸರಿಯಬಾರದಲ್ಲ! 1963ರಲ್ಲಿ ಅವರ ಕೆಲಸ ಹೋಯಿತು, ಮುಖ್ಯ ಎಂಜಿನಿಯರ್ ಹಿದೆಯೊ ಶಿಮಾ ಕೂಡ ಹೊರಬಂದರು. 1964ರ ಅಕ್ಟೋಬರ್ 1ರಂದು ಮೊದಲ ರೈಲು ಹೊರಟಾಗ ಇಬ್ಬರೂ ಹುದ್ದೆಯಲ್ಲಿರಲಿಲ್ಲ.

ಇದು ನಿಮ್ಮ ವಾದಕ್ಕೆ ಬಲ ಕೊಡುತ್ತದೆ, ಪೆಟ್ಟೂ ಕೊಡುತ್ತದೆ. ಅಂದಾಜು ಬೇಕಂತಲೇ ಕಡಿಮೆ ತೋರಿಸುವ ಚಾಳಿ ಹಳೆಯದು, ಇದು ಬಲ. ಆದರೆ ಆ ಮಾರ್ಗ ಆಮೇಲೆ ಚೆನ್ನಾಗಿ ದುಡಿಯಿತು, ಇದು ಪೆಟ್ಟು. ಅದನ್ನೂ ಬರೆಯಬೇಕು. ಬರೆದ ಮೇಲೆ ಕೇಳಿ: ಟೋಕಿಯೊ–ಒಸಾಕಾ ನಡುವೆ ಇದ್ದಷ್ಟು ಜನ, ಅಷ್ಟು ಟಿಕೆಟ್ ಕೊಳ್ಳುವ ಶಕ್ತಿ, ನಮ್ಮ ಮಾರ್ಗದ ಸೂರತ್–ಬಿಲಿಮೋರಾ ನಡುವೆ ಇದೆಯೇ? ಸ್ಪೇನಿನ ಉದಾಹರಣೆ ಬೇಕಾದರೆ ಸೇರಿಸಿ. ಟೊಲೆಡೊ–ಅಲ್ಬಾಸೆಟೆ ನಡುವಿನ ನೇರ ವೇಗದ ರೈಲನ್ನು 2011ರಲ್ಲಿ ನಿಲ್ಲಿಸಿದರು. ದಿನಕ್ಕೆ ಸರಾಸರಿ ಒಂಬತ್ತು ಜನ ಹತ್ತುತ್ತಿದ್ದರಂತೆ. ಒಂಬತ್ತು!

ಈ ರೈಲಿಗೆ ಹೋದ ಪಾಲ್ಘರ್‌ನ ಆದಿವಾಸಿಗಳ ಜಮೀನಿನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹೀಗೆ ಬರೆಯುವುದಾದರೆ ಬರೆಯದಿರುವುದೇ ವಾಸಿ. ನಿಮ್ಮ ಮನೆಯಿಂದ ಅರ್ಧ ದಿನದ ದಾರಿ ಅದು. ಒಮ್ಮೆ ಹೋಗಿ ಬನ್ನಿ. ಯಾವ ಊರು, ಗ್ರಾಮಸಭೆಯಲ್ಲಿ ಏನಾಯಿತು, ಎಕರೆಗೆ ಎಷ್ಟು ಕೊಟ್ಟರು, ದುಡ್ಡು ಬಂದ ಮೇಲೆ ಆ ಮನೆಯವರು ಏನು ಮಾಡುತ್ತಿದ್ದಾರೆ, ಇಷ್ಟನ್ನು ಕೇಳಿಕೊಂಡು ಬನ್ನಿ.

ಒಂದು ಜಾಗದಲ್ಲಿ ಮಾತ್ರ ನಾನು ನಿಂತು ಓದಿದೆ. ಆರನೇ ಪ್ಯಾರಾ. ಬೆಳಗಿನ ಲೋಕಲ್‌ನಲ್ಲಿ ಬ್ಯಾಗನ್ನು ಎದೆಗೆ ಹಾಕಿಕೊಂಡು, ಒಂದು ಕಾಲು ಫುಟ್‌ಬೋರ್ಡ್ ಮೇಲೆ, ಇನ್ನೊಂದು ಯಾರದೋ ಚಪ್ಪಲಿ ಮೇಲೆ. ಕಾಲು ಸರಿಸಲು ಜಾಗ ಸಿಗುವುದು ಥಾಣೆ ನಿಲ್ದಾಣದಲ್ಲಿ. ಇದು ನೀವು ಮಾತ್ರ ಬರೆಯಬಲ್ಲದ್ದು. ಲೇಖನ ಇಲ್ಲಿಂದಲೇ ಶುರುವಾಗಲಿ. ಅದರ ಬೆನ್ನಿಗೇ ತಾರೀಖು ಬರಲಿ: 2017ರ ಸೆಪ್ಟೆಂಬರ್ 14ರಂದು ಸಾಬರಮತಿಯಲ್ಲಿ ಮೋದಿ ಮತ್ತು ಶಿಂಜೊ ಅಬೆ ಶಂಕುಸ್ಥಾಪನೆ ಮಾಡಿದರು. 29ರಂದು ಮುಂಬೈನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆಯಲ್ಲಿ ಕಾಲ್ತುಳಿತವಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಡುವೆ ಹದಿನೈದು ದಿನ. ಇದನ್ನು ಹೇಳಿ ಸುಮ್ಮನಿರಿ. ‘ಇದೇನಾ ಪ್ರಗತಿ?’ ಅಂತ ಕೇಳಬೇಡಿ.

ಬೆಂಗಳೂರಿನ ವಿಷಯ ತರುವುದಾದರೆ ಎರಡೇ ಮಾತು ಸಾಕು. ಚೆನ್ನೈ–ಬೆಂಗಳೂರು–ಮೈಸೂರು ಕೂಡ ಇದೇ ರೀತಿಯ ರೈಲಿನ ಪಟ್ಟಿಗೆ ಸೇರಿತ್ತು, ಹಾಗಾಗಿ ನಮ್ಮ ಓದುಗರಿಗೂ ಇದು ದೂರದ ಮಾತಲ್ಲ. ಬುಲೆಟ್ ರೈಲಿಗೆ ಮೊದಲ ಅಂದಾಜಿನಂತೆ ಕಿಲೋಮೀಟರಿಗೆ 212 ಕೋಟಿ ಬೀಳುತ್ತಿತ್ತು. ಬೆಂಗಳೂರು ಉಪನಗರ ರೈಲಿನ 148 ಕಿಲೋಮೀಟರಿಗೆ ಇಟ್ಟ ಅಂದಾಜು 15,767 ಕೋಟಿ, ಅಂದರೆ ಅದರ ಅರ್ಧ. ಆದರೆ ಎಚ್ಚರ: 2022ರ ಜೂನ್‌ನಲ್ಲಿ 40 ತಿಂಗಳ ಮಾತು ಕೊಟ್ಟ ಅದೂ ಆ ಗಡುವಿಗೆ ಮುಗಿಯಲಿಲ್ಲ. ಬಡವರ ರೈಲು ಅಂತ ರಿಯಾಯಿತಿ ಕೊಡಬೇಡಿ.

ಶೀರ್ಷಿಕೆ ಬದಲಾಯಿಸಿ, ಬಿಳಿಯಾನೆಯನ್ನು ಎಲ್ಲರೂ ಬಳಸಿ ಆಗಿದೆ. ಕೊನೆಯ ಎರಡು ಪ್ಯಾರಾ, ‘ಜನಸಾಮಾನ್ಯರೇ ಎಚ್ಚೆತ್ತುಕೊಳ್ಳಿ’ ಎಂಬ ಕರೆ, ಪೂರ್ತಿ ತೆಗೆಯಿರಿ. ಸಾವಿರದ ಇನ್ನೂರು ಪದ ದಾಟದಿರಲಿ. ಪಾಲ್ಘರ್‌ಗೆ ಹೋಗುವುದಾದರೆ ಜಾಸ್ತಿ ಸಮಯ ತೆಗೆದುಕೊಳ್ಳಿ, ಅವಸರ ಇಲ್ಲ. ಆ ರೈಲಿಗೂ ಇಲ್ಲ ಬಿಡಿ: 2023ಕ್ಕೆ ಓಡಬೇಕಾಗಿದ್ದದ್ದು, ಈಗ ಸೂರತ್ ಕಡೆಯ ತುಂಡಿಗೇ 2027 ಎನ್ನುತ್ತಿದ್ದಾರೆ.

ಮತ್ತೆ ಕಳಿಸುವಾಗ ದಯವಿಟ್ಟು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಈ ಸಲ ‘ನುಡಿ’ ತಂತ್ರಾಂಶದಿಂದ ಕನ್ವರ್ಟ್ ಮಾಡಿದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಅರ್ಧ ಗಂಟೆ ಅದನ್ನು ಜೋಡಿಸುವುದರಲ್ಲೇ ಹೋಯಿತು.

ಇಂತಿ,
ಸಂಪಾದಕ