ಏರ್ ರೈಫಲ್ ಸ್ಪರ್ಧೆಗೆ ದುಬಾರಿ ಸ್ಕೋಪ್: 50 ಪಟ್ಟು ಸಾಕಾ, 80 ಬೇಕಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಶಿರಸಿ ಹತ್ತಿರ ಮನೆ, ಕೈಯಲ್ಲಿ ಒಂದು ಪಿಸಿಪಿ (ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವ) ಏರ್ ರೈಫಲ್ ಇದೆ, ಸ್ಪರ್ಧೆಗೆ ಇಳಿಯುವ ಮನಸ್ಸಿದೆ, ಸ್ಕೋಪಿಗೆ, ಅಂದರೆ ಬಂದೂಕಿನ ಮೇಲೆ ಕಟ್ಟುವ ದುರ್ಬೀನಿಗೆ, ಎರಡೂವರೆ ಲಕ್ಷದವರೆಗೆ ಹಾಕಲು ತಯಾರಿದ್ದೀರಿ, 50 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕಾ 80 ಪಟ್ಟಿನದ್ದು ಬೇಕಾ ಅಂತ ಕೇಳಿದ್ದೀರಿ. ಉತ್ತರಕ್ಕೆ ಮೊದಲು ನಾನೇ ಒಂದು ಪ್ರಶ್ನೆ ಕೇಳಬೇಕು. ಯಾವ ಸ್ಪರ್ಧೆ?

ಯಾಕೆ ಕೇಳಿದೆ ಅಂದರೆ, ನಮ್ಮಲ್ಲಿ ಏರ್ ರೈಫಲ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು 10 ಮೀಟರ್. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಲಂಡನ್ನಿನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು ಅದರಲ್ಲೇ. ಅಲ್ಲಿ ಸ್ಕೋಪ್ ಕಟ್ಟುವ ಹಾಗೇ ಇಲ್ಲ. ಹಿಂದೆ ಸಣ್ಣ ತೂತಿನ ಸೈಟ್, ಮುಂದೆ ಉಂಗುರದ ಸೈಟ್, ಅಷ್ಟೇ. ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಇರುತ್ತದೆ, ಅದನ್ನು ಯಾರೂ ನೋಡಿ ಹೊಡೆಯುವುದಿಲ್ಲ, ಗುರಿಹಾಳೆಯ ಕಪ್ಪು ವೃತ್ತವನ್ನು ಉಂಗುರದೊಳಗೆ ಸಮ ಕೂರಿಸಿ ಹೊಡೆಯುತ್ತಾರೆ. ನಿಮ್ಮ ಮನಸ್ಸಿನಲ್ಲಿರುವುದು ಇದೇ ಆದರೆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಇನ್ನೊಂದು ಬೆಂಚ್‌ರೆಸ್ಟ್. ಮೇಜಿನ ಮೇಲೆ ಬಂದೂಕು ಇಟ್ಟು 25 ಮೀಟರಿಗೆ ಹೊಡೆಯುವುದು. ದೂರ ಬದಲಾಗುವುದಿಲ್ಲ, ಫೋಕಸ್ ಒಮ್ಮೆ ಸರಿ ಮಾಡಿದರೆ ಮುಗಿಯಿತು. ಅಲ್ಲೂ ಎಲ್ಲ ವಿಭಾಗದಲ್ಲಿ ದೊಡ್ಡ ಝೂಮ್ ನಡೆಯುವುದಿಲ್ಲ, ಹಗುರ ಬಂದೂಕಿನ ಒಂದು ವಿಭಾಗದಲ್ಲಿ ಆರೂವರೆ ಪಟ್ಟಿಗಿಂತ ಮೇಲೆ ಹೋಗುವ ಹಾಗಿಲ್ಲ. ನಿಯಮ ಓದಿಯೇ ಕೊಳ್ಳಿ.

ನೀವು 80 ಪಟ್ಟಿನ ಮಾತೆತ್ತಿದ್ದು ನೋಡಿದರೆ ನಿಮ್ಮದು ಫೀಲ್ಡ್ ಟಾರ್ಗೆಟ್ ಅಂತ ನನ್ನ ಊಹೆ. 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಶುರುವಾದ ಆಟ. ನಾನು ಕೆಲಸದ ಮೇಲೆ ಆರು ವರ್ಷ ಅಲ್ಲಿದ್ದಾಗ ಹುಚ್ಚು ಹಿಡಿಸಿಕೊಂಡು ಬಂದೆ. ಈಗ ಕಾರವಾರದಲ್ಲಿದ್ದೇನೆ, ಅಭ್ಯಾಸಕ್ಕೆ ಶಿರಸಿ ಕಡೆಯ ಮಾವನ ಮನೆ ತೋಟಕ್ಕೆ ಹೋಗುತ್ತೇನೆ. (ತೋಟದ ಕಡೆ ಏರ್ ಗನ್ ಹಿಡಿದು ಕಂಡರೆ ಸಾಕು, 'ಮಂಗ ಓಡಿಸ್ಲಿಕ್ಕೆ ಆಗ್ತದಾ' ಅಂತ ಕೇಳುವವರು ಬಂದೇ ಬರುತ್ತಾರೆ. ಇಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ.)

ಗೊತ್ತಿಲ್ಲದವರಿಗೆ ಆಟ ಹೀಗೆ. ಕಾಡಿನಲ್ಲೋ ಬಯಲಿನಲ್ಲೋ ಕಬ್ಬಿಣದ ಪ್ರಾಣಿ ಆಕಾರದ ಫಲಕ ಇಡುತ್ತಾರೆ. ಅದರಲ್ಲಿ ಒಂದು ತೂತು, 15 ಮಿಲಿಮೀಟರಿನಿಂದ 40 ಮಿಲಿಮೀಟರ್ ಅಗಲದ್ದು. ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ತೂತಿನೊಳಗೆ ಹೋಗಿ ಹಿಂದಿನ ತಗಡಿಗೆ ಬಡಿದರೆ ಫಲಕ ಬೀಳುತ್ತದೆ, ಅಂಚಿಗೆ ತಾಗಿದರೆ ಬೀಳುವುದಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಹತ್ತಿರದ್ದು 9 ಮೀಟರ್, ದೂರದ್ದು 50 ಮೀಟರ್. ಎಷ್ಟು ದೂರ ಇದೆ ಅಂತ ಯಾರೂ ಹೇಳುವುದಿಲ್ಲ. ಲೇಸರ್ ಹಾಕಿ ಅಳೆಯುವ ಹಾಗಿಲ್ಲ. ಬಂದೂಕಿನ ಶಕ್ತಿಗೂ 12 ಫುಟ್‌ಪೌಂಡ್ ಮಿತಿ, ಅಂದರೆ 16 ಜೂಲ್ ಚಿಲ್ಲರೆ.

ಇಲ್ಲೇ ವಿಷಯ ಇರುವುದು. ಆ ಮಿತಿಯಲ್ಲಿ ಹೊರಟ ಪೆಲೆಟ್ ಬಹಳ ನಿಧಾನ, ಹೋಗುತ್ತಾ ಹೋಗುತ್ತಾ ಬೀಳುತ್ತದೆ. ನನ್ನ ಬಂದೂಕಿನಲ್ಲಿ 8.4 ಗ್ರೇನ್ ತೂಕದ ಪೆಲೆಟ್ ಹಾಕಿ 32 ಮೀಟರಿಗೆ ಸೊನ್ನೆ ಮಾಡಿಟ್ಟರೆ (ಆ ದೂರದಲ್ಲಿ ಗುರಿ ಇಟ್ಟಲ್ಲೇ ಬೀಳುವ ಹಾಗೆ ಹೊಂದಿಸಿದರೆ), 45 ಮೀಟರಿನಲ್ಲಿ ಹೊಡೆದದ್ದಕ್ಕಿಂತ 50 ಮೀಟರಿನಲ್ಲಿ ಹೊಡೆದದ್ದು ಮೂರೂವರೆ ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 40 ಮಿಲಿಮೀಟರ್ ತೂತಿನ ನಡುವಿನಿಂದ ಅಂಚಿಗೆ ಬರೇ ಎರಡು ಸೆಂಟಿಮೀಟರ್. ಲೆಕ್ಕ ಹಾಕಿ. ದೂರ ಐದು ಮೀಟರ್ ತಪ್ಪಾಗಿ ತಿಳಿದರೆ ಕೈ ಎಷ್ಟೇ ಗಟ್ಟಿ ಇದ್ದರೂ ಗುರಿ ತಪ್ಪಿತು.

ದೂರ ತಿಳಿಯುವುದು ಹೇಗೆ ಅಂದರೆ ಸ್ಕೋಪಿನ ಫೋಕಸ್ಸಿನಿಂದ. ಪಕ್ಕದಲ್ಲಿರುವ ಪ್ಯಾರಲಾಕ್ಸ್ ತಿರುಪಿಗೆ (ಫೋಕಸ್ ಸರಿ ಮಾಡುವುದು ಇದರಿಂದಲೇ) ಊಟದ ತಟ್ಟೆಯಷ್ಟು ದೊಡ್ಡ ಚಕ್ರ ಕೂರಿಸಿ, ಅದರ ಅಂಚಿಗೆ ಕಾಗದದ ಪಟ್ಟಿ ಅಂಟಿಸಿ, ದೂರಗಳನ್ನು ನಾವೇ ಬರೆದುಕೊಳ್ಳುತ್ತೇವೆ. ಚಿತ್ರ ಚೂಪಾದ ಜಾಗದಲ್ಲಿ ಚಕ್ರದ ಮೇಲೆ ಏನಿದೆ ನೋಡು, ಅದೇ ದೂರ. ಝೂಮ್ ಜಾಸ್ತಿ ಬೇಕಾಗುವುದು ಇದಕ್ಕೇ, ಗುರಿ ದೊಡ್ಡದಾಗಿ ಕಾಣಲಿ ಅಂತ ಅಲ್ಲ. ಝೂಮ್ ಹೆಚ್ಚಿದಷ್ಟೂ ಒಮ್ಮೆಗೆ ಚೂಪಾಗಿ ಕಾಣುವ ದೂರದ ಹರವು ಸಣ್ಣದಾಗುತ್ತದೆ, 47ಕ್ಕೂ 50ಕ್ಕೂ ವ್ಯತ್ಯಾಸ ಕಣ್ಣಿಗೆ ಸಿಗುತ್ತದೆ. ಹಾಗಾಗಿ ನೀವು ಕೊಳ್ಳುತ್ತಿರುವುದು ದುರ್ಬೀನು ಅಂತ ತಿಳಿಯಬೇಡಿ. ಅಳತೆ ಟೇಪು ಕೊಳ್ಳುತ್ತಿದ್ದೀರಿ. ಟೇಪು ಅಂದ ಮೇಲೆ ನಿನ್ನೆ ತೋರಿಸಿದ್ದನ್ನೇ ಇವತ್ತೂ ತೋರಿಸಬೇಕು, ಅಲ್ವಾ?

ನನ್ನ ಮೊದಲ ದುಬಾರಿ ಸ್ಕೋಪ್ ಅದನ್ನೇ ಮಾಡಲಿಲ್ಲ. ಕಂಪನಿ ಹೆಸರು ಬೇಡ. ಗಾಜು ಎಷ್ಟು ಚೆಂದ ಇತ್ತು ಅಂದರೆ ತೋಟದ ಆ ತುದಿಯ ಅಡಿಕೆ ಮರದ ಮೇಲಿನ ಇರುವೆ ಎಣಿಸಬಹುದಿತ್ತು. ಆದರೆ ಚಕ್ರವನ್ನು ಹತ್ತಿರದಿಂದ ದೂರಕ್ಕೆ ತಿರುಗಿಸಿದರೆ 38, ದೂರದಿಂದ ಹತ್ತಿರಕ್ಕೆ ತಿರುಗಿಸಿದರೆ 42. ಒಳಗಿನ ಹಲ್ಲುಗಳಲ್ಲಿ ಸಡಿಲ. ಯಾವಾಗಲೂ ಒಂದೇ ಕಡೆಯಿಂದ ತಿರುಗಿಸುವ ಅಭ್ಯಾಸ ಮಾಡಿಕೊಂಡು ಸುಧಾರಿಸಿದೆ ಅನ್ನಿ. ಆಮೇಲೆ ಸೆಕೆ ಬಂತು.

ಜನವರಿಯಲ್ಲಿ ಶಿರಸಿಯ ಬೆಳಗಿನ ಚಳಿಯಲ್ಲಿ, ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿರುವಾಗ, ಕೂತು ಚಕ್ರಕ್ಕೆ ಗುರುತು ಹಾಕಿದ್ದೆ. ಮಾರ್ಚಿನಲ್ಲಿ ಕಾರವಾರದಲ್ಲಿ ಮಧ್ಯಾಹ್ನ, ಅಂಗಿ ಬೆನ್ನಿಗೆ ಅಂಟುವ ಹೊತ್ತಿನಲ್ಲಿ, ಅದೇ ಚಕ್ರ 45 ಅಂದದ್ದನ್ನು ಟೇಪು ಹಿಡಿದು ಅಳೆದರೆ 49. ಇದು ಒಂದು ಸ್ಕೋಪಿನ ರೋಗ ಅಲ್ಲ. ಬಿಸಿ ಏರಿದರೆ ಲೋಹ ಹಿಗ್ಗುತ್ತದೆ, ಗಾಜಿನ ಗುಣವೂ ಕೂದಲೆಳೆಯಷ್ಟು ಬದಲಾಗುತ್ತದೆ, ಫೋಕಸ್ ಜಾಗ ಸರಿಯುತ್ತದೆ. ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಡಿಮೆ. ಅದಕ್ಕೇ ಈ ಆಟದವರು ಸ್ಕೋಪಿನ ಮೇಲೆ ಸಣ್ಣ ಥರ್ಮಾಮೀಟರ್ ಅಂಟಿಸಿಕೊಂಡು, ಚಳಿಗೆ ಒಂದು ಪಟ್ಟಿ, ಸೆಕೆಗೆ ಒಂದು ಪಟ್ಟಿ ಇಟ್ಟುಕೊಳ್ಳುತ್ತಾರೆ. ನಿಮಗೂ ಘಟ್ಟದ ಮೇಲೆ ಅಭ್ಯಾಸ ಮಾಡಿ ಕೆಳಗೆ ಬಂದು ಹೊಡೆಯುವುದಿದ್ದರೆ ಎರಡು ಪಟ್ಟಿ ಇಲ್ಲದೆ ಗತಿ ಇಲ್ಲ.

ಈಗ ನಿಮ್ಮ 50, 80. ನನ್ನ ಮಟ್ಟಿಗೆ 80 ಬೇಡ. ಎದುರಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ, ಕಣ್ಣಿಗೆ ಬರುವ ಬೆಳಕಿನ ಕಂಡಿ ಎಷ್ಟು ಅಗಲ ಅಂತ ಸಿಗುತ್ತದೆ. 56 ಮಿಲಿಮೀಟರ್ ಗಾಜಿಗೆ 50 ಪಟ್ಟಿನಲ್ಲಿ 1.1 ಮಿಲಿಮೀಟರ್. 80 ಪಟ್ಟಿನಲ್ಲಿ 0.7. ಅಡಿಕೆ ತೋಟದ ನೆರಳಿನಲ್ಲಿ ನಾಲ್ಕು ಗಂಟೆಗೆ 50ರಲ್ಲೇ ಚಿತ್ರ ಮಸುಕು, ತಲೆ ಸ್ವಲ್ಪ ಸರಿದರೆ ಪೂರ್ತಿ ಕಪ್ಪು. ಬಿಸಿಲಿನಲ್ಲಿ ಇನ್ನೊಂದು ತೊಂದರೆ: ನೆಲದಿಂದ ಏಳುವ ಬಿಸಿಗಾಳಿಯೂ 80 ಪಟ್ಟು ದೊಡ್ಡದಾಗಿ ಕುಣಿಯುತ್ತದೆ. ನಾನು ದೂರ ಅಳೆಯುವುದು 45ರ ಆಸುಪಾಸಿನಲ್ಲಿ, ಬೆಳಕು ಕಡಿಮೆ ಇದ್ದರೆ 35ಕ್ಕೆ ಇಳಿಯುತ್ತೇನೆ.

ಹೆಸರು ಕೇಳಿದ್ದೀರಿ, ಹೇಳುತ್ತೇನೆ. (× ಗುರುತಿನ ಮೊದಲಿನದು ಪಟ್ಟು, ಆಮೇಲಿನದು ಎದುರಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ.) ಜಪಾನಿನ ಮಾರ್ಚ್ 8-80×56, ಜರ್ಮನಿಯ ಶ್ಮಿಟ್ ಆಂಡ್ ಬೆಂಡರ್ 12.5-50×56, ಆಸ್ಟ್ರಿಯಾದ ಕಾಲೆಸ್ ಕೆ1050 (10-50 ಪಟ್ಟಿನದ್ದು), ಹಳಬರ ಕೈಯಲ್ಲಿ ಅಮೆರಿಕದ ಲ್ಯೂಪೋಲ್ಡ್ 45×45. ಇವು ಫೀಲ್ಡ್ ಟಾರ್ಗೆಟ್ ಸಾಲಿನಲ್ಲಿ ಕಾಣುವ ಮುಖಗಳು. ಹೊಸದಾದರೆ ಮೊದಲ ಮೂರೂ ಲಕ್ಷಗಳ ಮಾತು, ಅದರ ಮೇಲೆ ಕಸ್ಟಮ್ಸ್ ಸುಂಕ ಬೇರೆ. ಒಳ್ಳೆಯ ಸ್ಥಿತಿಯ ಸೆಕೆಂಡ್‌ಹ್ಯಾಂಡ್ 10-50 ಸಿಕ್ಕಿ, ಕೈಯಾರೆ ತಿರುಗಿಸಿ ನೋಡಲು ಬಿಡುವವರಿದ್ದರೆ ನಾನಂತೂ ಅದನ್ನೇ ಎತ್ತುತ್ತೇನೆ. ನನ್ನ ಈಗಿನದ್ದು ಹಾಗೆ ಬಂದದ್ದೇ.

ಒಂದು ಬಲೆಗೆ ಮಾತ್ರ ಬೀಳಬೇಡಿ. ಲಕ್ಷಗಟ್ಟಲೆ ಬೆಲೆಯ ಎಷ್ಟೋ ಸ್ಕೋಪುಗಳು ದೊಡ್ಡ ಬಂದೂಕಿಗೆ, ನೂರಾರು ಮೀಟರ್ ದೂರಕ್ಕೆ ಮಾಡಿದವು. ಅವುಗಳ ಫೋಕಸ್ 25 ಮೀಟರಿನಿಂದಲೋ 50ರಿಂದಲೋ ಶುರು. ನಮ್ಮ ಆಟ ಮುಗಿಯುವಲ್ಲಿ ಅದರ ಆಟ ಶುರು! ಕನಿಷ್ಠ ಫೋಕಸ್ 8-9 ಮೀಟರ್ ಇದೆಯಾ ಅಂತ ಮೊದಲು ನೋಡಿ, ಬಣ್ಣ ಬ್ರ್ಯಾಂಡ್ ಆಮೇಲೆ. ಹಾಗೇ ಸ್ಕೋಪಿನೊಳಗೆ ಕಾಣುವ ಗುರಿಯ ಗೆರೆಗಳು ಹಿಂದಿನ ಫೋಕಲ್ ಪ್ಲೇನಿನಲ್ಲಿರಲಿ, ಅಂದರೆ ಝೂಮ್ ಬದಲಿಸಿದರೂ ಅವುಗಳ ದಪ್ಪ ಬದಲಾಗದ ಹಾಗೆ. ಮುಂದಿನದ್ದಾದರೆ ಝೂಮ್ ಜತೆ ಗೆರೆಯೂ ದಪ್ಪ ಆಗಿ ಸಣ್ಣ ತೂತಿಗೆ ಗುರಿ ಇಡುವಾಗ ಅಡ್ಡ ಬರಬಹುದು. ಗುರಿ ಸರಿಸುವ ತಿರುಪಿನ ಒಂದೊಂದು ಕ್ಲಿಕ್ ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ಕೋನ) ಇದ್ದರೆ 50 ಮೀಟರಿಗೆ ಒಂದು ಕ್ಲಿಕ್ 3.6 ಮಿಲಿಮೀಟರ್, ಎಂಟನೇ ಒಂದು ಇದ್ದರೆ 1.8. ಕಾಲು ಧಾರಾಳ ಸಾಕು. ನಿಮ್ಮದು ಪಿಸಿಪಿ ಆದ್ದರಿಂದ ಒದೆತದ ಚಿಂತೆ ಇಲ್ಲ. ಸ್ಪ್ರಿಂಗ್ ಬಂದೂಕು ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ, ಒಳ್ಳೊಳ್ಳೆಯ ಸ್ಕೋಪುಗಳ ಒಳಗನ್ನು ಅದು ಕೆಡವಿಬಿಡುತ್ತದೆ.

ಕೊಳ್ಳುವ ಮೊದಲು, ಆಗದಿದ್ದರೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು, ಒಂದು ಪರೀಕ್ಷೆ ಮಾಡಿ. ಹಳೆಯ ಪಂಚಾಂಗದ ಹಾಳೆಗಳನ್ನು ಹರಿದು (ಅದರಷ್ಟು ಸಣ್ಣ ಅಕ್ಷರ ಬೇರೆಲ್ಲೂ ಸಿಗುವುದಿಲ್ಲ) ಐದೈದು ಮೀಟರಿಗೆ ಒಂದರಂತೆ 50ರವರೆಗೆ ಕೋಲಿಗೆ ಸಿಕ್ಕಿಸಿ. ಒಂದೊಂದಕ್ಕೂ ಹತ್ತು ಸಲ ಫೋಕಸ್ ಮಾಡಿ, ಪ್ರತಿ ಸಲ ಚಕ್ರ ಪೂರ್ತಿ ಹಿಂದೆ ತಂದು ಮತ್ತೆ ಶುರು ಮಾಡಿ, ಓದಿದ್ದನ್ನು ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ, ನೀವು ಚಕ್ರ ನೋಡಬೇಡಿ, ನೋಡಿದರೆ ಕಣ್ಣು ಸುಳ್ಳು ಹೇಳುತ್ತದೆ. 50ರ ಹಾಳೆಗೆ ಹತ್ತು ಸಲದಲ್ಲಿ ಎರಡು ಮೀಟರಿಗಿಂತ ಜಾಸ್ತಿ ಆಚೀಚೆ ಆದರೆ ಆ ಸ್ಕೋಪ್ ಬೇಡ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾಡಿ.

ಮತ್ತೆ, ದಯವಿಟ್ಟು ಇದನ್ನು ಅಡಿಕೆ ತೋಟದಲ್ಲಿ ಮಾಡಬೇಡಿ. ನಾನು ಮಾಡಿ ಕೆಟ್ಟೆ. ಮರದಿಂದ ಮರಕ್ಕೆ ಒಂಬತ್ತು ಅಡಿ, ಸಾಲು ಗೆರೆ ಎಳೆದ ಹಾಗೆ. ನನಗೇ ಗೊತ್ತಿಲ್ಲದ ಹಾಗೆ ಮನಸ್ಸು ಮರ ಎಣಿಸುತ್ತಿತ್ತು. ಹದಿನೆಂಟನೇ ಮರದ ಬುಡ ಅಂದರೆ 49 ಮೀಟರ್ ಚಿಲ್ಲರೆ, ಕೈ ತಾನಾಗಿ ಚಕ್ರವನ್ನು ಅಲ್ಲಿಗೇ ತರುತ್ತಿತ್ತು. ಆಹಾ, ಎಂಥ ಸ್ಕೋಪ್ ಅಂದುಕೊಂಡಿದ್ದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಒಮ್ಮೆ ಹೊಡೆಯಲು ಕೂತಾಗ ಗೊತ್ತಾಯಿತು ನನ್ನ ವಿದ್ಯೆ.

ಕರಾವಳಿ ಕಡೆ ಇಟ್ಟುಕೊಳ್ಳುವುದಿದ್ದರೆ ಇನ್ನೊಂದು ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಒಳ್ಳೆಯ ಸ್ಕೋಪಿನ ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಬಿಗಿ ಮಾಡಿರುತ್ತಾರೆ, ಒಳಗೆ ಮಂಜು ಕಟ್ಟುವುದಿಲ್ಲ. ಹೊರಗೆ ಕಟ್ಟುತ್ತದೆ. ಏಸಿ ಹಾಕಿದ ಕಾರಿನಿಂದ ಇಳಿದು ಸದಾಶಿವಗಡದ ಕಡೆಯ ಗಾಳಿಗೆ ಹಿಡಿದರೆ ಕ್ಷಣದಲ್ಲಿ ಗಾಜು ಬೆಳ್ಳಗಾಗುತ್ತದೆ, ಒರೆಸಿದರೆ ಮತ್ತೆ ಕಟ್ಟುತ್ತದೆ, ಸುಮ್ನೆ ಇಪ್ಪತ್ತು ನಿಮಿಷ ಕೂತರೆ ತಾನೇ ಹೋಗುತ್ತದೆ. ಅದಕ್ಕಿಂತ ಹೆದರಬೇಕಾದ್ದು ಬೂಸ್ಟಿಗೆ. ಜೂನಿನಿಂದ ಚೌತಿವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಲೆನ್ಸ್ ಬಿಡುತ್ತದಾ? ಸ್ಕೋಪ್ ಜತೆ ಬಂದ ಬಟ್ಟೆ ಚೀಲದಲ್ಲಿ ಇಟ್ಟು ಮರೆಯಬೇಡಿ. ರಬ್ಬರ್ ಬಿಗಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.

ಸ್ಕೋಪನ್ನು ಬಂದೂಕಿಗೆ ಹಿಡಿಸುವ ರಿಂಗುಗಳ ಸ್ಕ್ರೂ ಬಗ್ಗೆಯೂ ಒಂದು ಮಾತು. ಉಪ್ಪು ಗಾಳಿಗೆ ಕಪ್ಪು ಸ್ಟೀಲ್ ಸ್ಕ್ರೂ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ತಲೆ ಸವೆದು ಕೂತುಬಿಟ್ಟಿತು, ಸ್ಕೋಪ್ ಬಿಚ್ಚಲು ಡ್ರಿಲ್ ಹಾಕಿಸಬೇಕಾಯಿತು. ಡ್ರಿಲ್ಲಿನವನು ಕೆಲಸ ಮಾಡುವಷ್ಟು ಹೊತ್ತೂ ನಾನು ಆಚೆ ಹೋಗಿ ಚಾ ಕುಡಿಯುತ್ತಾ ನಿಂತಿದ್ದೆ, ನೋಡುವ ಧೈರ್ಯ ಆಗಲಿಲ್ಲ. ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿಕೊಳ್ಳಿ, ಒಂದು ಹನಿ ಎಣ್ಣೆ ಬಿಡಿ. ಮತ್ತೆ ನಿಮ್ಮದು ಯಾವ ಸ್ಪರ್ಧೆ ಅಂತ ಕೆಳಗೆ ಬರೆಯಿರಿ, 10 ಮೀಟರ್ ಆಗಿದ್ದರೆ ಇಷ್ಟೆಲ್ಲ ಓದಿಸಿದ್ದಕ್ಕೆ ಬೈಯಬೇಡಿ.