ಅಗಲದ ಜಂಪ್ ಹಾರುವ ಕುದುರೆ ಕಿರಿದಾದದ್ದಕ್ಕೆ ಯಾಕೆ ನುಣುಚಿಕೊಳ್ಳುತ್ತದೆ?

ಪ್ರಶ್ನೆ: ನನ್ನ ಹೆಣ್ಣು ಕುದುರೆ ಒಂದು ಮೀಟರ್ ಎತ್ತರವನ್ನು ಸಲೀಸಾಗಿ ಹಾರುತ್ತದೆ. ಆದರೆ ಎಡದಿಂದ ಬಲಕ್ಕೆ ಅಗಲ ಕಡಿಮೆ ಇರುವ ಜಂಪ್ (ಹಾರಿಸಲು ಇಟ್ಟ ಅಡ್ಡತಡೆ) ಎದುರಾದರೆ ಸಾಕು, ಕೊನೇ ಗಳಿಗೆಯಲ್ಲಿ ಎಡಕ್ಕೆ ನುಸುಳಿಬಿಡುತ್ತದೆ. ಬಲಗಡೆಯ ಲಗಾಮು ಎಷ್ಟು ಎಳೆದರೂ ಕೇಳುವುದಿಲ್ಲ. ವೇಗ ಹೆಚ್ಚಿಸಿ ನೋಡಿದೆ, ಚಾಟಿ ತೋರಿಸಿದೆ. ಇದು ಹೆದರಿಕೆಯೋ, ಹಟವೋ?

ಉತ್ತರ: ಎರಡೂ ಅಲ್ಲ ಅನ್ನಿಸುತ್ತದೆ. ಒಂದು ಮೀಟರ್ ಹಾರುವ ಕುದುರೆಗೆ ಹಾರುವುದು ಹೇಗೆ ಅಂತ ಹೊಸದಾಗಿ ಕಲಿಸಬೇಕಾಗಿಲ್ಲ. ಅದಕ್ಕೆ ಬೇಕಾಗಿರುವುದು ನೇರವಾಗಿ ಬರುವ ಅಭ್ಯಾಸ.

ಮಾಮೂಲಿ ಜಂಪಿನ ಪೋಲ್ (ಅಡ್ಡಗೋಲು) ಮೂರೂವರೆ ಮೀಟರ್ ಆಸುಪಾಸು ಉದ್ದ ಇರುತ್ತದೆ. ಅಲ್ಲಿ ಕುದುರೆ ಅರ್ಧ ಮೀಟರ್ ಎಡಕ್ಕೆ ವಾಲಿದರೂ ಯಾರೂ ಗಮನಿಸುವುದಿಲ್ಲ. ಅದೇ ಒಂದೂವರೆ ಮೀಟರ್ ಅಗಲದ ಜಂಪಿಗೆ ಅಷ್ಟೇ ವಾಲಿಕೊಂಡು ಬಂದರೆ ಎಡ ಭುಜ ಆಗಲೇ ಜಂಪಿನ ಹೊರಗಿರುತ್ತದೆ, ಇನ್ನು ಅದು ಯಾಕೆ ಹಾರಬೇಕು? ನಿಮ್ಮ ಕುದುರೆ ದೊಡ್ಡ ಜಂಪುಗಳಲ್ಲೂ ಎಡಕ್ಕೆ ವಾಲುತ್ತಿರಬಹುದು. ಯಾರನ್ನಾದರೂ ಜಂಪಿನ ಆಚೆ, ಸ್ವಲ್ಪ ದೂರದಲ್ಲಿ ನಿಲ್ಲಿಸಿ ವಿಡಿಯೊ ಮಾಡಿಸಿ, ಗೊತ್ತಾಗುತ್ತದೆ.

ಈಗ ಆ ಬಲ ಲಗಾಮಿನ ವಿಷಯ. ಬಹುತೇಕ ಎಲ್ಲರೂ ಎಡವುವುದು ಇಲ್ಲೇ. ಕುದುರೆ ಎಡಕ್ಕೆ ಹೋಗುತ್ತಿದೆ ಅಂತ ಬಲಗಡೆ ಎಳೆದರೆ ಬಲಕ್ಕೆ ತಿರುಗುವುದು ಬರೀ ಕತ್ತು. ಎಡ ಭುಜ ಹೊರಗೆ ಉಬ್ಬಿಕೊಳ್ಳುತ್ತದೆ, ಮೈ ಭುಜದ ಹಿಂದೆಯೇ ಹೋಗುತ್ತದೆ, ಮುಖ ಜಂಪಿನ ಕಡೆ ಇದ್ದರೂ ಕುದುರೆ ಮಾತ್ರ ಪಕ್ಕಕ್ಕೆ ಜಾರಿರುತ್ತದೆ. ಹಿಡಿಯಬೇಕಾದದ್ದು ಆ ಭುಜವನ್ನು. ಎಡ ಲಗಾಮು ಕತ್ತಿಗೆ ತಾಗಿಕೊಂಡಿರಲಿ, ಎಡಗಾಲು ಹೊಟ್ಟೆಗೆ ಒತ್ತಿರಲಿ, ಬಲಗೈಯನ್ನು ಹಿಂದಕ್ಕೆ ಎಳೆಯದೆ ಸುಮ್ನೆ ಸ್ವಲ್ಪ ಪಕ್ಕಕ್ಕೆ ತೆರೆಯಿರಿ. ಎರಡೂ ಕೈ ತಗ್ಗಿನಲ್ಲಿ, ತುಸು ಅಗಲವಾಗಿ, ಮಧ್ಯೆ ಕುದುರೆಗೆ ಒಂದು ಓಣಿ ಮಾಡಿಕೊಟ್ಟ ಹಾಗೆ ಇರಲಿ.

ವೇಗ ಹೆಚ್ಚಿಸಬೇಡಿ. ಕುದುರೆಯ ಹಣೆಯ ನೇರ ಮುಂದೆ, ಮೂಗಿನ ಹತ್ತಿರ, ಅದಕ್ಕೆ ಏನೂ ಕಾಣದ ಒಂದು ಜಾಗ ಇದೆ. ಕಣ್ಣುಗಳು ತಲೆಯ ಅಕ್ಕಪಕ್ಕ ಇರುವುದರಿಂದ ಹಾಗೆ. ಅಂದರೆ ಜಂಪನ್ನು ಅದು ದೂರದಿಂದಲೇ ನೋಡಿ ಅಂದಾಜು ಮಾಡಿಕೊಂಡಿರಬೇಕು. ಅಡ್ಡಾದಿಡ್ಡಿ ತಿರುಗಿ, ಓಡಿಸಿಕೊಂಡು ಬಂದರೆ ನೋಡುವುದಕ್ಕೆ ಅದಕ್ಕೆ ಸಮಯವೇ ಇರುವುದಿಲ್ಲ, ಅಲ್ವಾ?

ಕಲಿಸುವುದು ಕಷ್ಟವಲ್ಲ, ಆತುರ ಮಾಡಬಾರದು ಅಷ್ಟೇ. ಜಂಪನ್ನು ಅರ್ಧ ಮೀಟರಿಗೆ ಇಳಿಸಿ. ಮೊದಲು ಅಗಲವಾಗಿಯೇ ಇಡಿ. ಎರಡು ಪೋಲುಗಳ ಒಂದೊಂದು ತುದಿಯನ್ನು ಜಂಪಿನ ಎರಡು ಬದಿಗೆ ಆನಿಸಿ, ಇನ್ನೊಂದು ತುದಿ ನೀವು ಬರುವ ಕಡೆ ನೆಲದ ಮೇಲೆ ಅಗಲವಾಗಿ ಇರಲಿ, ಲಾಳಿಕೆಯ ಬಾಯಿಯಂತೆ. ಟ್ರಾಟ್‌ನಲ್ಲಿ (ಕುದುರೆಯ ಕುಕ್ಕುಲೋಟ) ಬನ್ನಿ, ಆಮೇಲೆ ಅದಕ್ಕಿಂತ ವೇಗದ ಕ್ಯಾಂಟರ್. ಕುದುರೆ ಕಿವಿ ಮುಂದೆ ಮಾಡಿ, ನೀವು ಒತ್ತಾಯ ಮಾಡದೆ ತಾನಾಗಿ ಹಾರತೊಡಗಿದ ಮೇಲೆ ಜಂಪಿನ ಅಗಲ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ಕಿರಿದಾದ ಮೇಲೂ ಸರಾಗವಾಗಿ ಹಾರಿದರೆ ಆನಿಸಿದ ಪೋಲುಗಳನ್ನು ನೆಲಕ್ಕೆ ಇಳಿಸಿ, ಆಮೇಲೆ ಒಂದನ್ನು ತೆಗೆಯಿರಿ. ನಿಮ್ಮ ಕುದುರೆಗೆ ಎಡಗಡೆಯದನ್ನು ಕೊನೆಗೆ ತೆಗೆಯಬೇಕು. ಅಗಲ ಕಡಿಮೆ ಮಾಡಿದ ದಿನ ಎತ್ತರ ಏರಿಸಬೇಡಿ. ಜಂಪಿನ ಬದಲು ಡ್ರಮ್ ಇಟ್ಟು ಅಭ್ಯಾಸ ಮಾಡುವವರು ಅದು ಉರುಳದ ಹಾಗೆ ಎರಡೂ ಕಡೆ ಅಡ್ಡ ಕೊಡಲೇಬೇಕು.

ಮತ್ತೆ ಎಡಕ್ಕೆ ನುಸುಳಿದರೆ? ಎಡಕ್ಕೇ ಸುತ್ತು ಹೊಡೆದು ಬರಬೇಡಿ, ಅದು ಕೇಳಿದ್ದನ್ನೇ ಕೊಟ್ಟ ಹಾಗಾಗುತ್ತದೆ. ನಿಲ್ಲಿಸಿ, ಬಲಕ್ಕೆ ತಿರುಗಿಸಿ, ಜಂಪ್ ಸುಲಭ ಮಾಡಿ, ಮತ್ತೆ ಬನ್ನಿ. ಹೊಡೆಯುವುದರಿಂದ ಕಿರಿದಾದ ಜಂಪ್ ಅಂದರೆ ಪೆಟ್ಟು ಅನ್ನುವುದೊಂದೇ ಅದಕ್ಕೆ ನೆನಪಿರುತ್ತದೆ. ನಾಲ್ಕಾರು ಸಲ ಚೆನ್ನಾಗಿ ಹಾರಿದರೆ ಅವತ್ತಿಗೆ ಸಾಕು, ಜೀನು ಬಿಚ್ಚಿ.

ಇನ್ನೊಂದು ಮಾತು. ಈ ಚಾಳಿ ಇತ್ತೀಚೆಗೆ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮೊದಲು ಬೆನ್ನು, ಗೊರಸು, ಹಲ್ಲು, ಜೀನು ತೋರಿಸಿ. ಯಾವಾಗಲೂ ಒಂದೇ ಕಡೆಗೆ ವಾಲುವ ಕುದುರೆಗೆ ಎಲ್ಲೋ ನೋಯುತ್ತಿರಬಹುದು.

ಪ್ರಶ್ನೆ: ಸ್ಪರ್ಧೆಯಲ್ಲಿ ಕುದುರೆ ಹೀಗೆ ಪಕ್ಕಕ್ಕೆ ಹೋದರೆ ಎಷ್ಟು ಪೆನಾಲ್ಟಿ?

ಉತ್ತರ: ಅಂತರರಾಷ್ಟ್ರೀಯ ನಿಯಮದಲ್ಲಿ ಈವೆಂಟಿಂಗ್‌ನ (ಮೂರು ಬಗೆಯ ಪರೀಕ್ಷೆ ಇರುವ ಕುದುರೆ ಸ್ಪರ್ಧೆ) ಕ್ರಾಸ್ ಕಂಟ್ರಿಯಲ್ಲಿ, ಅಂದರೆ ಬಯಲಿನಲ್ಲಿ ಜಂಪ್ ಹಾರುತ್ತಾ ಓಡುವ ಸುತ್ತಿನಲ್ಲಿ, ಮೊದಲ ಸಲಕ್ಕೆ 20 ಪೆನಾಲ್ಟಿ ಅಂಕ. ಅಂಗಳದೊಳಗೆ ಜಂಪ್ ಹಾರಿಸುವ ಶೋ ಜಂಪಿಂಗ್‌ನಲ್ಲಿ 4, ಎರಡನೇ ಸಲ ಮಾಡಿದರೆ ಸ್ಪರ್ಧೆಯಿಂದಲೇ ಹೊರಗೆ. ಸಣ್ಣ ಸ್ಪರ್ಧೆಗಳಲ್ಲಿ ಲೆಕ್ಕ ಬೇರೆ ಇರಬಹುದು, ಮೊದಲೇ ಕೇಳಿಕೊಳ್ಳಿ. ಪೆನಾಲ್ಟಿ ಬಿದ್ದ ಗಾಬರಿಯಲ್ಲಿ ಎರಡೇ ಹೆಜ್ಜೆ ದೂರದಿಂದ ತಿರುಗಿಸಿ ಮತ್ತೆ ಹಾರಿಸಲು ಹೋಗುವವರು ಜಾಸ್ತಿ. ಸ್ವಲ್ಪ ದೂರ ಹೋಗಿ ನೇರ ದಾರಿ ಹಿಡಿದು ಬನ್ನಿ, ನಾಲ್ಕು ಸೆಕೆಂಡ್ ಹೆಚ್ಚು ಹಿಡಿದರೆ ಹಿಡಿಯಲಿ.